ಹಿತ್ತಲ ಬಾಗಿಲಿನ ಡಾಕ್ಟರು

ಧೈರ್ಯವಂತರ ಬದುಕಲ್ಲಿ ಏನೂ ನಡೆಯಲ್ಲ ಅಂತ ನನಗೊಂದು ಅನುಮಾನ. ನಗೆಪಾಟಲಾಗೋ ಸಂಗತಿ ಏನೇ ಇದ್ರೂ ಅದು ನನ್ನಂಥ ಪುಕ್ಕಲನ ಮನೆ ವಿಳಾಸ ಕೇಳ್ಕೊಂಡೇ ಬರುತ್ತೆ. ನಾನು ಬಸ್ ಡ್ರೈವರ್. ಚಿಂತಾಮಣಿ ಬಿಟ್ಟು ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಗೌರಿಬಿದನೂರಿಗೆ ಹೋಗೋ ಪ್ರೈವೇಟ್ ಬಸ್ಸು. ಎದುರಿಗೆ ನುಗ್ಗಿ ಬರೋ ಕಲ್ಲಿನ ಟಿಪ್ಪರ್‌ಗೆ ನಾನು ಹೆದರಲ್ಲ. ಕಿವಿಗೆ ವೈರ್ ಸಿಕ್ಕಿಸ್ಕೊಂಡು ಅಡ್ಡ ಬರೋ ಬೈಕಿನವರಿಗೂ ಹೆದರಲ್ಲ. ಆದರೆ ಬಿಳಿ ಕೋಟು, ಖಾಕಿ ಬಟ್ಟೆ, ಹೆಣ್ಣು ನೋಡೋಕೆ ಬರೋ ಬೀಗರು, ಈ ಮೂರನ್ನ ಕಂಡ್ರೆ ಮಾತ್ರ ತೊಡೆ ನಡುಗುತ್ತೆ. ಮೂರೂ ಒಂದೇ ಕಾಯಿಲೆಯ ನೆಪದಲ್ಲಿ ಒಂದರ ಹಿಂದೆ ಒಂದು ಬಂದು ನನ್ನನ್ನ ಹಣ್ಣುಗಾಯಿ ನೀರುಗಾಯಿ ಮಾಡಿದ ಕಥೆ ಇದು.

ಕೂತ್ಕೊಳ್ಳಿ

ವರ್ಷಾನುಗಟ್ಟಲೆ ಇಂಜಿನ್ನಿನ ಬಿಸಿ ಪಕ್ಕ ಕೂತ ಜೀವ ನನ್ನದು. ಯಾವಾಗ ಶುರುವಾಯ್ತೋ ಗೊತ್ತಿಲ್ಲ, ಕೂತರೆ ಉರಿ, ಎದ್ದರೆ ನೋವು. ಹೇಳೋಣ ಅಂದ್ರೆ ಹೇಳೋ ಜಾಗದಲ್ಲಿ ಬಂದಿರಲಿಲ್ಲ. ಕೊನೆಗೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ನಿಂತಿರೋ ಹೊತ್ತಲ್ಲಿ, ಮುಖಕ್ಕೆ ಟವೆಲ್ ಸುತ್ಕೊಂಡು ಒಬ್ಬ ಡಾಕ್ಟರ ಹತ್ರ ಹೋದೆ.

"ಕೂತ್ಕೊಳ್ಳಿ. ಏನು ತೊಂದ್ರೆ?" ಅಂದ್ರು.

"ಕೂತ್ಕೊಳ್ಳೋದೇ ತೊಂದ್ರೆ ಸಾರ್."

ಅವರು ನೋಡಿದ್ರು. ಅವರು ನೋಡಿದ ರೀತಿಯನ್ನ ನಾನು ಹೇಳಲ್ಲ, ನೀವೂ ಕೇಳಬೇಡಿ. ಕೈ ತೊಳ್ಕೊಂಡು ಬಂದು, "ಮೂಲವ್ಯಾಧಿ. ಎರಡನೇ ಹಂತ ದಾಟಿ ಮೂರಕ್ಕೆ ಬಂದಿದೆ. ಆಪರೇಷನ್ ಮಾಡಿಸಿಬಿಡಿ, ಸಣ್ಣದು" ಅಂದ್ರು.

"ಸಣ್ಣದು ಅಂದ್ರೆ ಯಾರಿಗೆ ಸಾರ್?" ಅಂತ ಕೇಳಿದೆ. ಅವರು ನಕ್ಕರು. ಡಾಕ್ಟರು ನಕ್ಕರೆ ನನಗೆ ಇನ್ನೂ ಭಯ. ಬರೆದು ಕೊಟ್ಟ ಚೀಟಿಯನ್ನೂ ತಗೊಳ್ಳದೆ ಹೊರಗೆ ಬಿದ್ದೆ. ಬಸ್ ಸ್ಟ್ಯಾಂಡ್ ಸೇರಿದ ಮೇಲೆ ನೋಡ್ಕೋತೀನಿ, ಒಂದು ಕಾಲಲ್ಲಿ ನನ್ನ ಚಪ್ಪಲಿ, ಇನ್ನೊಂದು ಕಾಲಲ್ಲಿ ಯಾರೋ ಹೆಣ್ಣುಮಗಳ ಹೂವಿನ ಚಪ್ಪಲಿ.

ದಿಂಬಣ್ಣ

ಇಷ್ಟಕ್ಕೆ ಯಾಕಪ್ಪ ಮುಚ್ಚುಮರೆ ಅಂತ ನೀವು ಕೇಳಬಹುದು. ನಮ್ಮ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ಡ್ರೈವರ್ ಇದ್ದ. ಒಳ್ಳೆ ಮನುಷ್ಯ. ಇದೇ ಆಪರೇಷನ್ ಮಾಡಿಸ್ಕೊಂಡು, ಸೀಟಿನ ಮೇಲೆ ಹಾಕ್ಕೊಳ್ಳೋಕೆ ಒಂದು ದಿಂಬು ತಂದ. ಅಷ್ಟೇ ಅವನು ಮಾಡಿದ ತಪ್ಪು. ಅಂದಿನಿಂದ ಅವನ ಹೆಸರು ಹೋಯ್ತು, ದಿಂಬಣ್ಣ ಆದ. ಹೆಂಡ್ತಿ ದಿಂಬಕ್ಕ. ಮಗಳ ಮದುವೆ ಪತ್ರಿಕೆ ಹಂಚೋಕೆ ಬಂದಾಗಲೂ ಜನ, "ದಿಂಬಣ್ಣನ ಮಗಳ ಮದುವೆಯಂತೆ" ಅಂತಲೇ ಮಾತಾಡ್ಕೊಂಡ್ರು. ಆ ಹುಡುಗಿ ಹಸೆಮಣೆ ಮೇಲೆ ಕೂತಾಗ ಯಾರೋ ಕಿಸಕ್ಕನೆ ನಕ್ಕಿದ್ದನ್ನ ನಾನೇ ಕೇಳಿದ್ದೆ.

ನನಗೂ ಒಬ್ಬಳೇ ಮಗಳು. ಶಿಡ್ಲಘಟ್ಟದ ಒಂದು ಪ್ರೈವೇಟ್ ಸ್ಕೂಲಲ್ಲಿ ಟೀಚರ್. ಗಂಡು ನೋಡೋಕೆ ಶುರು ಮಾಡಿದ್ವಿ. ನನ್ನ ಕೂಸನ್ನ ಜನ ಹಂಗೆ ಕರೆದ್ರೆ ನಾನು ಬದುಕಿದ್ದೂ ಸತ್ತ ಹಂಗೆ. ಅದಕ್ಕೇ ಹೆಂಡ್ತಿಗೂ ಹೇಳಲಿಲ್ಲ. ಅವಳಿಗೆ ಹೇಳೋದೂ ಒಂದೇ, ನಮ್ಮೂರು ಮೇಲೂರಿನ ಬಸ್ ಸ್ಟಾಪಿನಲ್ಲಿ ಮೈಕ್ ಹಾಕೋದೂ ಒಂದೇ. "ಗ್ಯಾಸ್ ಕಣೇ" ಅಂತ ಹೇಳಿ, ನಿಂತ್ಕೊಂಡೇ ಊಟ ಮಾಡ್ತಿದ್ದೆ.

"ಯಾಕ್ರೀ, ಮದುವೆ ಮನೆ ಬಫೆ ಅಂದ್ಕೊಂಡ್ರಾ?" ಅನ್ನೋಳು.

ಚಾಡಿಕೋರ ಟೀವಿ

ಡಾಕ್ಟರ ಹತ್ರ ಮತ್ತೆ ಹೋಗೋ ಧೈರ್ಯ ಇಲ್ಲ. ಹಾಗಂತ ಸುಮ್ಮನಿರೋಕೂ ಆಗಲ್ಲ. ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಫೋನಲ್ಲಿ ವಿಡಿಯೋ ನೋಡೋಕೆ ಶುರು ಮಾಡ್ದೆ. ಒಬ್ಬ ಡಾಕ್ಟರು ಕನ್ನಡದಲ್ಲಿ, ನಮ್ಮ ಮನೆಯವರ ಥರ, ಎಲ್ಲಾ ಬಿಡಿಸಿ ಬಿಡಿಸಿ ಹೇಳ್ತಿದ್ರು. ಅವರು ನನ್ನನ್ನ ನೋಡೋಕಾಗಲ್ಲ ಅನ್ನೋದೇ ನನಗೆ ದೊಡ್ಡ ಸಮಾಧಾನ.

ಆದರೆ ಮನೇಲಿ ಒಂದು ಟೀವಿ ಇದೆಯಲ್ಲ. ಮಗಳು ತನ್ನ ಸಂಬಳದಲ್ಲಿ ತಂದಿದ್ದು. "ಮನೆಗೆಲ್ಲಾ ಒಂದೇ ಅಕೌಂಟ್ ಸಾಕಪ್ಪ" ಅಂತ ನನ್ನ ಫೋನಿನದ್ದನ್ನೇ ಅದಕ್ಕೂ ಹಾಕಿದ್ಲು. ಅದರ ಅರ್ಥ ಏನು ಅಂತ ನನಗೆ ಆ ಸಾಯಂಕಾಲ ಗೊತ್ತಾಯ್ತು. ಹೆಂಡ್ತಿ ಸೀರಿಯಲ್ಲಿಗೆ ಅಂತ ಟೀವಿ ಹಾಕಿದ್ರೆ, ಪರದೆ ತುಂಬಾ ಸಾಲಾಗಿ, "ಮೂಲವ್ಯಾಧಿಗೆ ಮನೆಮದ್ದು", "ಮೂಲವ್ಯಾಧಿ ಇದ್ದವರು ಇದನ್ನು ಮುಟ್ಟಲೇಬೇಡಿ", "ಕೂರಲು ಆಗುತ್ತಿಲ್ಲವೇ?". ಒಂದೊಂದು ಅಕ್ಷರವೂ ಕುಂಬಳಕಾಯಿ ಗಾತ್ರ.

ನಾನು ರಿಮೋಟ್ ಹುಡುಕೋಕೆ ಶುರು ಮಾಡ್ದೆ.

"ಇದೇನ್ರೀ ಇದು?" ಅಂದ್ಲು.

"ಟೀವಿಗೆ ಏನೋ ಆಗಿದೆ ಕಣೇ."

"ಟೀವಿಗೆ ಮೂಲವ್ಯಾಧಿಯಾ?"

ಆ ಹೊತ್ತಿಗೆ ಬಾಯಿಗೆ ಬಂದಿದ್ದು ಒಂದೇ ಹೆಸರು. "ನಮ್ಮ ಕಂಡಕ್ಟರ್ ನನ್ನ ಫೋನ್ ಇಸ್ಕೊಂಡಿದ್ದ. ಪಾಪ, ಅವನಿಗೆ. ಯಾರಿಗೂ ಹೇಳಬೇಡ" ಅಂದೆ.

ಅವಳ ಕರುಳು ಚುರ್ ಅಂತು. ಮಾರನೇ ದಿನದಿಂದ ನನ್ನ ಕ್ಯಾರಿಯರ್ ಜೊತೆ ಇನ್ನೊಂದು ಡಬ್ಬಿ. ಸುವರ್ಣಗಡ್ಡೆ ಪಲ್ಯ, ಮೂಲಂಗಿ ಕೋಸಂಬರಿ, ಒಂದು ಬಾಟಲಿ ನೀರು ಮಜ್ಜಿಗೆ. "ಮೂಲಕ್ಕೆ ಇದು ರಾಮಬಾಣ, ಆ ಹುಡುಗನಿಗೆ ಕೊಡಿ. ನಿಮಗೆ ಗ್ಯಾಸ್ ಅಲ್ವಾ, ನೀವು ಮುಟ್ಟಬೇಡಿ" ಅಂತ ಕಟ್ಟಪ್ಪಣೆ. ನಾನು ನಿಂತ್ಕೊಂಡು ಖಾರದ ಹುಳಿ ತಿಂತಾ ಇದ್ರೆ, ನನ್ನ ಔಷಧಿಯನ್ನೆಲ್ಲಾ ಅವನು ಆರಾಮಾಗಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತು ಬಾರಿಸ್ತಿದ್ದ. ಡಬ್ಬಿ ನೆಕ್ಕಿ, "ಅಣ್ಣಾ, ಅತ್ತಿಗೆಗೆ ನನ್ನ ಮೇಲೆ ಎಷ್ಟು ಪ್ರೀತಿ!" ಅಂತ ಬೇರೆ ಅನ್ನೋನು.

ಇನ್ನೊಂದು ದಾರಿ

ಕೊನೆಗೆ ಅದೇ ಕಂಡಕ್ಟರನ್ನೇ ಪಕ್ಕಕ್ಕೆ ಕರೆದೆ. "ಲೋ, ಫೋನಲ್ಲಿ ನೋಡಿದ್ದು ಮನೆ ಟೀವಿಗೆ ಗೊತ್ತಾಗಬಾರದು. ಏನಾದ್ರೂ ದಾರಿ ಇದೆಯಾ?"

ಅವನು ನನ್ನನ್ನ ಮೇಲಿಂದ ಕೆಳಗೆ ನೋಡ್ದ. "ಅಣ್ಣಾ! ಈ ವಯಸ್ಸಲ್ಲಾ?"

"ಥೂ, ಅದಲ್ಲ ಕಣೋ."

"ಅದಲ್ಲ ಅಂದ್ರೆ ಇನ್ಯಾವುದು?"

ಇನ್ಯಾವುದು ಅಂತ ಹೇಳೋ ಹಂಗಿಲ್ಲ. ಸುಮ್ಮನೆ ತಲೆ ತಗ್ಗಿಸಿದೆ. ಮಾನ ಹೋದ್ರೂ ಪರವಾಗಿಲ್ಲ, ಮೂಲ ಗೊತ್ತಾಗದಿದ್ರೆ ಸಾಕು ಅನ್ನೋ ಸ್ಥಿತಿಗೆ ಬಂದಿದ್ದೆ ನೋಡಿ.

ಅವನು ಉತ್ಸಾಹದಿಂದ ನನ್ನ ಫೋನ್ ಕಿತ್ಕೊಂಡು ಬೇರೆ ಯಾವುದೋ ವಿಳಾಸ ಹೊಡೆದ. ಅದೇ ವಿಡಿಯೋಗಳು, ಆದರೆ ಬೇರೆ ಮನೆ. ಜಾಹೀರಾತು ಇಲ್ಲ, ಅಕೌಂಟ್ ಕೇಳಲ್ಲ. "ನೋಡಣ್ಣ, ನೀನು ಅಂಗಡಿಗೆ ಮುಂದಿನ ಬಾಗಿಲಿಂದ ಹೋದ್ರೆ ಅವನು ನಿನ್ನ ಮುಖ ನೋಡ್ತಾನೆ, ಏನು ತಗೊಂಡೆ ಅಂತ ನೆನಪಿಟ್ಕೋತಾನೆ. ಇದು ಹಿತ್ತಲ ಬಾಗಿಲು. ಇಲ್ಲಿ ಒಬ್ಬ ನಿಂತಿರ್ತಾನೆ. ನೀನು ಕೇಳಿದ್ದನ್ನ ಅವನೇ ಒಳಗೆ ಹೋಗಿ ತಂದು ಕೈಗೆ ಕೊಡ್ತಾನೆ. ಅಂಗಡಿಯವನಿಗೆ ಕಾಣೋದು ಅವನ ಮುಖ, ನಿಂದಲ್ಲ."

"ಯಾರೋ ಅವನು?"

"ಯಾರೋ ಜರ್ಮನಿಯವನು. ಪುಣ್ಯಾತ್ಮ, ಪುಕ್ಕಟೆ ನಡೆಸ್ತಾನೆ."

ನನಗೆ ಹೊಸ ಭಯ ಹುಟ್ತು. "ಹಂಗಾದ್ರೆ ನಾನು ಏನು ನೋಡ್ತೀನಿ ಅಂತ ಅವನಿಗೆ ಗೊತ್ತಾಗಲ್ವಾ?"

"ಗೊತ್ತಾದ್ರೆ ಏನಣ್ಣ? ಜರ್ಮನಿಯಿಂದ ಮೇಲೂರಿಗೆ ಬಂದು ಅತ್ತಿಗೆಗೆ ಹೇಳ್ತಾನಾ?"

ಖಾಕಿ

ಈ ಹಿತ್ತಲ ಬಾಗಿಲಿಗೆ ಒಂದು ಕೆಟ್ಟ ಚಾಳಿ ಇತ್ತು. ಇವತ್ತು ತೆಗೆದಿರೋದು ನಾಳೆ ಮುಚ್ಚಿರೋದು. ಆಗ ಕಂಡಕ್ಟರ್ ಇನ್ನೊಂದು ವಿಳಾಸ ಹುಡುಕಿ ಕೊಡಬೇಕು. ಒಂದು ದಿನ ಗೌರಿಬಿದನೂರಿನಲ್ಲಿ, ಬಸ್ಸು ಹೊರಡೋಕೆ ಮುಂಚೆ ತೆಗೆದ್ರೆ, ಡಾಕ್ಟರ ಬದಲು ಕೆಂಪಕ್ಷರದಲ್ಲಿ ಏನೋ ಇಂಗ್ಲಿಷ್ ಬಂತು. ಓದೋಕೆ ಬಂದಿದ್ದು 'ಬ್ಲಾಕ್' ಅನ್ನೋದೊಂದೇ. ಮುಗೀತು, ಸಿಕ್ಕಿಹಾಕ್ಕೊಂಡೆ ಅಂದ್ಕೊಂಡೆ. ತಲೆ ಎತ್ತಿದ್ರೆ ಎದುರಿಗೇ ಒಬ್ಬ ಪೊಲೀಸಪ್ಪ ಬಸ್ ಹತ್ತಿ, ನನ್ನ ಪಕ್ಕದ ಸೀಟಲ್ಲೇ ಕೂತು, ಕೈ ಚಾಚಿ, "ಡ್ರೈವರೇ, ನಿಮ್ಮ ಫೋನ್ ಕೊಡಿ ಇಲ್ಲಿ" ಅಂದ್ರು.

"ಸಾರ್, ನಂದೇನೂ ತಪ್ಪಿಲ್ಲ ಸಾರ್! ಆ ಹಿತ್ತಲ ಬಾಗಿಲು ನಂದಲ್ಲ, ಜರ್ಮನಿಯವಂದು ಸಾರ್!" ಅಂತ ಒದರಿಬಿಟ್ಟೆ.

ಪೊಲೀಸಪ್ಪನ ಕಣ್ಣು ಅಗಲ ಆಯ್ತು. ಹತ್ತಿರಕ್ಕೆ ಬಗ್ಗಿ, ದನಿ ಇಳಿಸಿ ಕೇಳಿದ್ರು. "ಜರ್ಮನಿಯವರು ಇಲ್ಲೂ ಜಾಗ ತಗೋತಿದ್ದಾರಾ? ಯಾವ ಲೇಔಟು? ಕಾರ್ನರ್ ಸೈಟು ಏನಾದ್ರೂ ಖಾಲಿ ಇದೆಯಾ?"

ಅವರ ಫೋನಿನ ಬ್ಯಾಟರಿ ಹೋಗಿತ್ತಂತೆ. ಮನೆಯವರಿಗೆ ಒಂದು ಕಾಲ್ ಮಾಡಬೇಕಿತ್ತಂತೆ. ಮಾಡಿ ವಾಪಸ್ ಕೊಟ್ಟರು. ಚಿಕ್ಕಬಳ್ಳಾಪುರ ಬರೋವರೆಗೂ ನನ್ನನ್ನ ಬಿಡದೆ ಕೇಳಿದ್ದು ಮಾತ್ರ ಒಂದೇ, ಆ ಲೇಔಟಿಗೆ ಕಾವೇರಿ ನೀರು ಬರುತ್ತಾ ಅಂತ.

ಮತ್ತೆ ಹಾಕಪ್ಪ

ಆ ಹಿತ್ತಲ ಬಾಗಿಲಲ್ಲಿ ಬರೀ ದನಿ ಕೇಳೋ ಅನುಕೂಲವೂ ಇತ್ತು. ಪರದೆ ಆಫ್ ಮಾಡಿ, ಫೋನ್ ಕಿವಿಗೆ ಇಟ್ಕೊಂಡ್ರೆ ಯಾರೋ ನೆಂಟರ ಜೊತೆ ಮಾತಾಡ್ತಿರೋ ಹಂಗೆ ಕಾಣುತ್ತೆ. ಮಧ್ಯೆ ಮಧ್ಯೆ "ಹೂಂ, ಸರಿ, ಹಂಗೇ ಮಾಡ್ತೀನಿ" ಅನ್ನುತ್ತಾ ಚಿಂತಾಮಣಿ ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ನಿಂತು ಕೇಳ್ತಿದ್ದೆ. ಬಸ್ಸು ಅಲ್ಲೇ ಮಾರು ದೂರದಲ್ಲಿ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹೊತ್ತವರು, ಕೆಂಚಾರ್ಲಹಳ್ಳಿ ಕಡೆಯಿಂದ ಬಂದ ಮುದುಕಿಯರು, ಎಲ್ಲಾ ಹತ್ತಿ ಕೂತಿದ್ರು.

ಇದ್ದಕ್ಕಿದ್ದ ಹಂಗೆ ಡಾಕ್ಟರ ದನಿ ನಿಂತೋಯ್ತು. ಬಾಗಿಲು ಮತ್ತೆ ಮುಚ್ತಾ? ಸೌಂಡ್ ಏರಿಸ್ದೆ. ಏನೂ ಇಲ್ಲ. ಪೂರ್ತಿ ಏರಿಸ್ದೆ. ಫೋನು ಮೂಕ. ಅಷ್ಟರಲ್ಲಿ ನೋಡ್ತೀನಿ, ಬಸ್ಸಿನ ಜನ ಮಾತು ನಿಲ್ಲಿಸಿ ಸೆಟೆದು ಕೂತಿದ್ದಾರೆ.

ಕಂಡಕ್ಟರ್ ಹಾಡು ಹಾಕೋಣ ಅಂತ ಬಸ್ಸಿನ ಸೆಟ್ ಆನ್ ಮಾಡಿದ್ದ. ಅದು ದಿನಾ ನನ್ನ ಫೋನಿನ ಹಾಡು ಹಿಡಿಯೋ ಸೆಟ್ಟು. ಆವತ್ತೂ ಹಿಡೀತು. ನಮ್ಮ ಡಾಕ್ಟರು ಬಸ್ಸಿನ ಅಷ್ಟೂ ಸ್ಪೀಕರಲ್ಲಿ, ನಾನೇ ಏರಿಸಿಕೊಟ್ಟ ಸೌಂಡಲ್ಲಿ, "ನಾಚಿಕೆ ಪಡಬೇಡಿ. ತಿಣುಕಬೇಡಿ. ಅವಸರ ಮಾಡಬೇಡಿ. ಇನ್ನು ಖಾರದ ವಿಷಯಕ್ಕೆ ಬರೋಣ" ಅಂತಿದ್ರು.

ಓಡಿ ಬಂದು ಸೆಟ್ ಆಫ್ ಮಾಡ್ದೆ. ಬೆವರು ಒರೆಸ್ಕೊಂಡು, ಇನ್ನೇನು ಜನ ನಗ್ತಾರೆ, ಇವತ್ತಿಂದ ನಾನೇ ದಿಂಬಣ್ಣ ಅಂತ ಕಾಯ್ತಾ ನಿಂತೆ.

ಹಿಂದಿನ ಸೀಟಿಂದ ಒಬ್ಬ ಗೂಡಿನವನು ಎದ್ದು ನಿಂತ. "ಯಾಕ್ರೀ ಆಫ್ ಮಾಡಿದ್ರಿ? ಒಳ್ಳೆ ರೇಡಿಯೋ ಪ್ರೋಗ್ರಾಂ ಬತ್ತಿತ್ತು!" ಮುಂದಿನ ಸೀಟಿನ ಅಜ್ಜಿ ತೆಲುಗಲ್ಲೇ ಜೋರು ಮಾಡ್ತು. "ಒರೇ ನಾಯ್ನಾ, ಮಳ್ಳಾ ಪೆಟ್ಟು! ಖಾರಂ ತಿನೊಚ್ಚಾ ವದ್ದಾ ಚೆಪ್ಪನೇ ಲೇದು!" ಖಾರ ತಿನ್ನಬಹುದೋ ಬೇಡವೋ ಅನ್ನೋದು ಗೊತ್ತಾಗೋವರೆಗೆ ಬಸ್ ಬಿಡೋ ಹಂಗಿಲ್ಲ ಅಂತ ಅರ್ಧ ಬಸ್ಸು ಪಟ್ಟು ಹಿಡೀತು. ವಿಧಿಯಿಲ್ಲದೆ ಮತ್ತೆ ಹಾಕ್ದೆ. ಖಾರ ಬಿಡಿ, ಸುವರ್ಣಗಡ್ಡೆ ತಿನ್ನಿ ಅಂದ್ರು ಡಾಕ್ಟರು. ಅಷ್ಟು ಜನ ಅಷ್ಟು ಭಕ್ತಿಯಿಂದ ಕೇಳಿದ್ದನ್ನ ನಾನು ಹರಿಕಥೆಯಲ್ಲೂ ನೋಡಿಲ್ಲ.

ಕಂಡಕ್ಟರ್ ಮಾತ್ರ ನನ್ನನ್ನೇ ದಿಟ್ಟಿಸ್ತಾ ನಿಂತಿದ್ದ. "ಅಣ್ಣಾ, ನೀನು ಕದ್ದು ನೋಡ್ತಿದ್ದಿದ್ದು ಇದಾ?" ಅಂದ. ಆಮೇಲೆ ಅವನಿಗೆ ಇನ್ನೇನೋ ಹೊಳೀತು. ಮುಖ ಸಪ್ಪಗಾಯ್ತು. "ಹಂಗಾದ್ರೆ ಅತ್ತಿಗೆ ಗಡ್ಡೆ ಪಲ್ಯ ಕಳಿಸ್ತಿದ್ದಿದ್ದು ಪ್ರೀತಿಗಲ್ವಾ?"

ಮೂಲ ಇದೆಯಾ?

ಇಷ್ಟರಲ್ಲಿ ನಗರಗೆರೆಯಿಂದ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ದನದ ಆಸ್ಪತ್ರೆಯಲ್ಲಿ ಕೆಲಸ, ಒಳ್ಳೆ ಗುಣ. ಮಗಳಿಗೂ ಫೋಟೋ ನೋಡಿ ಇಷ್ಟ ಆಗಿತ್ತು. ಅವಳು ಬಾಯಿಬಿಟ್ಟು ಹೇಳ್ಲಿಲ್ಲ, ಆದರೆ ಆ ಭಾನುವಾರ ಮನೆ ನೆಲವನ್ನ ತಾನೇ ಉಜ್ಜಿ ಒರೆಸಿದ್ಲು. ಹುಡುಗ, ಅವರಪ್ಪ, ಅಜ್ಜಿ, ಮೂರೇ ಜನ ಬಂದ್ರು. ಹುಡುಗನಿಗೆ ತಾಯಿ ಇಲ್ಲ, ಮನೆ ದರ್ಬಾರೆಲ್ಲಾ ಅಜ್ಜಿಯದು. ಜಾತಕ ಇನ್ನೂ ಕೊಟ್ಟಿರಲಿಲ್ಲ, ಮೊದಲು ನೋಡ್ಕೊಂಡು ಹೋಗೋಣ ಅಂತ ಬಂದಿದ್ರು.

ಹುಡುಗನ ಅಪ್ಪ ಒಳಗೆ ಬರ್ತಿದ್ದ ಹಂಗೇ, "ನಿಮ್ಮ ಬಸ್ಸಲ್ಲೇ ಓಡಾಡ್ತಿರ್ತೀನಿ ಯಜಮಾನ್ರೇ" ಅಂದ್ರು. ಯಾವತ್ತು ಓಡಾಡಿದ್ರು? ಸ್ಪೀಕರ್ ದಿನವಾ?

ಉಪ್ಪಿಟ್ಟು, ಕೇಸರಿಬಾತ್ ಆಯ್ತು. ಮಗಳು ಕಾಫಿ ತಂದು ಕೊಟ್ಟು ಬಾಗಿಲ ಹತ್ರ ನಿಂತ್ಲು. ಅಜ್ಜಿ ಲೋಟ ಕೆಳಗಿಟ್ಟು ಗಂಟಲು ಸರಿಮಾಡ್ಕೊಂಡ್ತು.

"ನೋಡಪ್ಪ, ಮುಚ್ಚುಮರೆ ಬೇಡ. ಆಮೇಲೆ ಗೊತ್ತಾದ್ರೆ ಮನಸ್ಸು ಕೆಡ್ತದೆ. ಮೂಲ ಏನಾದ್ರೂ ಐತಾ?"

ಗೊತ್ತಾಗಿಹೋಗಿದೆ! ಸುಳ್ಳು ಹೇಳಿದ್ರೆ ಸಂಬಂಧ ಮುರಿಯುತ್ತೆ, ನಿಜ ಹೇಳಿದ್ರೆ ಮಾನ ಹೋಗುತ್ತೆ. ಮಗಳ ಮುಖ ನೋಡ್ದೆ. ಮಾನ ಹೋದ್ರೆ ಹೋಗ್ಲಿ ಅಂದ್ಕೊಂಡೆ.

"ಇದೆಯಮ್ಮ" ಅಂದೆ.

ಅಜ್ಜಿ ಮುಖ ಕಪ್ಪಿಟ್ಟಿತು. "ಎಷ್ಟನೇ ಪಾದ?"

ಡಾಕ್ಟರು ಹಂತ ಅಂದಿದ್ದನ್ನೇ ಹಳ್ಳಿ ಕಡೆ ಪಾದ ಅಂತಾರೇನೋ ಅಂದ್ಕೊಂಡೆ. "ಎರಡು ದಾಟಿ ಮೂರಕ್ಕೆ ಬಿದ್ದಿದೆಯಮ್ಮ."

"ಅಯ್ಯೋ ಶಿವನೇ. ಮಾವನಿಗೆ ಆಗಲ್ಲ ಅಂತಾರಲ್ಲಪ್ಪ ಅದು!"

"ನಿಜ ಕಣಮ್ಮ, ಮಾವನಿಗೇ ಕಷ್ಟ. ನಾನೇ ಅನುಭವಿಸ್ತಿದೀನಲ್ಲ, ಕೂರೋಕಾಗಲ್ಲ ನಿಲ್ಲೋಕಾಗಲ್ಲ."

ಹುಡುಗನ ಅಪ್ಪ ಕಾಫಿ ಲೋಟ ಅಲ್ಲೇ ಹಿಡ್ಕೊಂಡು ಕಲ್ಲಾದ್ರು. ಅಜ್ಜಿ ಬಿಡಲಿಲ್ಲ. "ಶಾಂತಿ ಮಾಡಿಸಿದ್ರಾ?"

"ಬಿಸಿನೀರಿನ ಟಬ್ಬಲ್ಲಿ ಕೂತರೆ ಆಗ ಸ್ವಲ್ಪ ಶಾಂತಿ."

"ಟಬ್ಬಲ್ಲಾ? ಯಾವ ಪುರೋಹಿತ್ರು ಹೇಳಿದ್ದು?"

"ಪುರೋಹಿತ್ರಲ್ಲಮ್ಮ, ಫೋನಲ್ಲಿ ಬರೋ ಡಾಕ್ಟರು. ಹಿತ್ತಲ ಬಾಗಿಲಿಂದ ಕೇಳಿದ್ದು."

"ಹುಟ್ಟಿದಾಗಲೇ ಗೊತ್ತಾಗಲಿಲ್ವಾ?"

"ಇಲ್ಲಮ್ಮ, ಡ್ರೈವರ್ ಕೆಲಸಕ್ಕೆ ಸೇರಿದ ಮೇಲೆ ಬಂದಿದ್ದು."

"ಅಪ್ಪಾ!" ಅಂತ ಮಗಳು ಚೀರಿದ್ಲು. "ಅಜ್ಜಿ ಕೇಳ್ತಿರೋದು ನಕ್ಷತ್ರ! ಮೂಲಾ ನಕ್ಷತ್ರ! ನಂದು ರೋಹಿಣಿ ಅಜ್ಜಿ, ನಂಗೆ ಮೂಲ ಇಲ್ಲ!"

ಹೆಣ್ಣಿಗೆ ಮೂಲಾ ನಕ್ಷತ್ರ ಇದ್ರೆ ಗಂಡಿನ ಅಪ್ಪನಿಗೆ ಕೇಡು ಅನ್ನೋ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಅಜ್ಜಿ ಹೆದರಿದ್ದು ತನ್ನ ಮಗನಿಗೋಸ್ಕರ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

"ಹಂಗಾದ್ರೆ ಮೂಲ ಯಾರಿಗೆ?" ಅಂತು ಅಜ್ಜಿ.

ಹೆಂಡ್ತಿ ನನ್ನನ್ನ ನೋಡಿದ್ಲು, ನಾನು ಗೋಡೆ ನೋಡ್ದೆ. ಅವಳಿಗೆ ಅರ್ಥ ಆಗಿಹೋಯ್ತು. "ಅಯ್ಯೋ ನಿಮ್ಮ ಮನೆ ಕಾಯ್ಹೋಗ! ಅಷ್ಟು ದಿನ ಆ ಕಂಡಕ್ಟರಿಗೆ ಗಡ್ಡೆ ತಿನ್ನಿಸಿದ್ನಲ್ರೀ!"

ಮಗಳು ನಗಲಿಲ್ಲ. ನನ್ನ ಹತ್ರ ಬಂದು ಮೆಲ್ಲಗೆ, "ನಂಗೆ ಯಾಕಪ್ಪ ಹೇಳ್ಲಿಲ್ಲ?" ಅಂದ್ಲು.

"ನಿನ್ನನ್ನ ದಿಂಬಣ್ಣನ ಮಗಳು ಅಂತಾರೆ ಅಂತ ಭಯ ಆಯ್ತಮ್ಮ."

"ಅಂದ್ರೆ ಅನ್ಲಿ. ನನ್ನಪ್ಪ ನೆಟ್ಟಗೆ ಕೂತು ಊಟ ಮಾಡಿದ್ರೆ ಸಾಕು ನಂಗೆ." ಅವಳ ಕಣ್ಣಲ್ಲಿ ನೀರಿತ್ತು. ಇಷ್ಟು ದಿನ ಯಾರಿಗೋಸ್ಕರ ಹೆದರಿದ್ನೋ, ಅವಳಿಗೆ ಭಯವೇ ಇರಲಿಲ್ಲ.

ಆದರೂ ಸಂಬಂಧ ಹೋಯ್ತು ಅಂತಲೇ ನನ್ನ ಲೆಕ್ಕ. ಅಜ್ಜಿ ಏನನ್ನುತ್ತೋ ಅಂತ ತಲೆ ಎತ್ತದೆ ನಿಂತಿದ್ದೆ. ಅಜ್ಜಿ ನನ್ನ ಕಡೆ ನೋಡ್ಲೇ ಇಲ್ಲ, ತನ್ನ ಮಗನ ಕಡೆ ತಿರುಗ್ತು.

"ಕೇಳಿದ್ಯಾ? ಅವರು ಗಂಡಸು, ಬಾಯಿಬಿಟ್ಟು ಹೇಳಿದ್ರು. ನೀನೂ ಹೇಳು."

"ಅಮ್ಮಾ!" ಅಂದ್ರು ಹುಡುಗನ ಅಪ್ಪ. ಮುಖ ಟೊಮೇಟೊ ಹಣ್ಣಾಗಿತ್ತು. "ನಿಂಗೆ ಹೆಂಗೆ ಗೊತ್ತಾಯ್ತು?"

"ಹೆಂಗೆ ಗೊತ್ತಾಗಲ್ಲ? ನಮ್ಮನೆ ಟೀವಿ ಹಾಕಿದ್ರೆ ಒಂದು ಭಜನೆ ಬರಲ್ಲ, ಬರೀ ಅದೇ ಬತ್ತದೆ."

ಹುಡುಗನಿಗೆ ನಗು ತಡೆಯೋಕಾಗದೆ ಕಾಫಿ ಮೂಗಿಗೆ ಹತ್ತಿ ಕೆಮ್ಮಿದ. ನನ್ನ ಮಗಳು ಓಡಿಹೋಗಿ ನೀರು ತಂದುಕೊಟ್ಲು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಮತ್ತೆ ನಕ್ಕರು. ಅಜ್ಜಿ ಅದನ್ನ ಗಮನಿಸ್ತು. ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಎಲೆಗೆ ಸುಣ್ಣ ಹಚ್ಚುತ್ತಾ ತೀರ್ಪು ಹೇಳೇಬಿಡ್ತು.

"ಹುಡುಗಿ ರೋಹಿಣಿ, ಬೀಗರಿಬ್ಬರದೂ ಮೂಲ. ಇದಕ್ಕಿಂತ ಇನ್ನೇನು ಕೂಡಿಬರಬೇಕು? ನಾವು ಒಪ್ಪಿದ್ವಿ. ಆದರೆ ಧಾರೆ ಹೊತ್ತಲ್ಲಿ ನೀವಿಬ್ಬರೂ ಅಷ್ಟು ಹೊತ್ತು ಮಣೆ ಮೇಲೆ ಕೂರಬೇಕು. ಅದಕ್ಕೇ ಮದುವೆಗೆ ಮುಂಚೆ ಇಬ್ಬರೂ ಜೊತೆಯಾಗಿ ಹೋಗಿ ಆಪರೇಷನ್ ಮಾಡಿಸ್ಕೊಂಡು ಬನ್ನಿ."

ನಾನು ಬೀಗರ ಕಡೆ ನೋಡ್ದೆ. ಅವರ ತೊಡೆ ನನ್ನ ತೊಡೆಗಿಂತ ಜೋರಾಗಿ ನಡುಗ್ತಿತ್ತು. ಅವರ ಕೈ ಗಟ್ಟಿಯಾಗಿ ಹಿಡ್ಕೊಂಡೆ. ಆ ಮನೇಲಿ ಆವತ್ತು ಮೊದಲು ಕೈ ಹಿಡ್ಕೊಂಡವರು ನಾವಿಬ್ಬರೇ.

"ಯಾವತ್ತು ಮಾಡಿಸೋಣಮ್ಮ?" ಅಂತ ಅವರು ಅಳೋ ದನಿಯಲ್ಲಿ ಕೇಳಿದ್ರು.

ಅಜ್ಜಿ ಗೋಡೆ ಮೇಲಿನ ಕ್ಯಾಲೆಂಡರ್ ಇಳಿಸೋಕೆ ಹೇಳಿ, ಕನ್ನಡಕ ಏರಿಸ್ತು. "ಡಾಕ್ಟರು ಯಾವ ದಿನ ಹೇಳಿದ್ರೂ ಸರಿ ಕಣಪ್ಪ. ಮೂಲಾ ನಕ್ಷತ್ರದ ದಿನ ಒಂದು ಬೇಡ."